ಸಾಲಿಯೊಳಗೆ ಹಬ್ಬ ತಂದ ಕಾರಂತಜ್ಜ: ಪುತ್ತೂರಿನ ಗುಡ್ಡದ ಮೇಲಿನ ಒಂದು ಪ್ರಯೋಗದ ಕಥೆ

ಮೇಲವಂಕಿ: ಮಣ್ಣೆತ್ತಿನ ಅಮಾವಾಸ್ಯೆ ಬಂತೆಂದರೆ ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ಹಳ್ಳಿಗಳಲ್ಲಿ ಹುಡುಗರ ಕೈಗೆ ಪುರಸೊತ್ತಿಲ್ಲ. ಹಳ್ಳದ ದಂಡಿಗೆ ಹೋಗಿ ಜಿಗಟು ಮಣ್ಣು ತರಬೇಕು, ಹರಳು ಆರಿಸಬೇಕು, ಹದವಾಗಿ ನಾದಬೇಕು. ನೀರು ಹೆಚ್ಚಾದರೆ ಎತ್ತಿನ ಕಾಲು ಕುಸಿಯುತ್ತವೆ, ಕಡಿಮೆಯಾದರೆ ಕೋಡು ಬಿರಿಯುತ್ತವೆ. ನಾಲ್ಕು ಕಾಲೂ ಒಂದೇ ಅಳತೆ ಇರದಿದ್ದರೆ ಎತ್ತು ನಿಲ್ಲುವುದೇ ಇಲ್ಲ. ಆಮೇಲೆ ಆಷಾಢದ ಮಂಗಳವಾರಗಳ ಗುಳ್ಳವ್ವ, ಪಂಚಮಿಯ ಜೋಕಾಲಿ, ಗಣಪ್ಪ, ಜೋಕುಮಾರ, ದಸರಾದ ಬನ್ನಿ. ಇದನ್ನೆಲ್ಲ ಯಾವ ಪರೀಕ್ಷೆಯಲ್ಲೂ ಕೇಳುವುದಿಲ್ಲ. ಆದರೂ ಹುಡುಗರು ಸಾಯೋತನಕ ಮರೆಯುವುದಿಲ್ಲ.

ಅದೇ ಹುಡುಗರ ಸಾಲಿಯಲ್ಲಿ ಹಬ್ಬ ಇಟ್ಟುಕೊಂಡರೆ ಎಷ್ಟೋ ಸಲ ನೋಟವೇ ಬೇರೆ. ಪೆಂಡಾಲು, ಮೈಕು, ಬ್ಯಾನರು, ಬಂದವರಿಗೆಲ್ಲ ಶಾಲು ಮಾಲೆ. ಭಾಷಣ ಮುಗಿಯುವಷ್ಟರಲ್ಲಿ ಮಧ್ಯಾಹ್ನ. ಬೆಳಿಗ್ಗೆಯಿಂದ ಬಣ್ಣ ಹಚ್ಚಿಕೊಂಡು ಕೂತ ಸಣ್ಣ ಹುಡುಗಿಯ ಕುಣಿತಕ್ಕೆ ಉಳಿಯುವುದು ಐದು ನಿಮಿಷ. ಹಬ್ಬ ಮಕ್ಕಳದು, ವೇದಿಕೆ ದೊಡ್ಡವರದು.

2023ರಲ್ಲಿ ಸರ್ಕಾರಿ ಶಾಲೆಗಳಲ್ಲಿ ರಾಜ್ಯದ ತುಂಬ ಕ್ಲಸ್ಟರ್ ಮಟ್ಟದ ಕಲಿಕಾ ಹಬ್ಬ ನಡೆಯಿತು. ಆಡು-ಹಾಡು, ಮಾಡು-ಆಡು, ಕಾಗದ-ಕತ್ತರಿ, ಊರು ತಿಳಿಯೋಣ ಎಂದು ನಾಲ್ಕು ಮೂಲೆ ಮಾಡಿ ಮಕ್ಕಳ ಕೈಗೇ ಕೆಲಸ ಕೊಟ್ಟರು. ಸಾಲಿ ಅಂದರೆ ಪಾಟಿ, ಪುಸ್ತಕ, ಬಾಯಿಪಾಠ ಎಂದು ತಿಳಿದಿದ್ದ ಪಾಲಕರಿಗೆ ಇದು ಹೊಸದು ಅನಿಸಿತು. ಆದರೆ ಇಂಥದ್ದೊಂದು ಕೆಲಸವನ್ನು ಸುಮಾರು 90 ವರ್ಷಗಳ ಹಿಂದೆಯೇ, ಸರ್ಕಾರದ ಆದೇಶ ಇಲ್ಲದೆ, ಸ್ವಂತ ದುಡ್ಡು ಹಾಕಿ ಮಾಡಲು ಹೊರಟವರೊಬ್ಬರಿದ್ದರು. ಕಾಲೇಜು ಅರ್ಧಕ್ಕೆ ಬಿಟ್ಟ ಮನುಷ್ಯ. ಕೊನೆಗೆ ಜ್ಞಾನಪೀಠ ಪ್ರಶಸ್ತಿ ಪಡೆದ ಡಾ. ಕೋಟ ಶಿವರಾಮ ಕಾರಂತರು.

ಬೆಟಗೇರಿಗೂ ಪುತ್ತೂರಿಗೂ ನಡುವಿನ ಎಳೆ

ಕಾರಂತರು ಕರಾವಳಿಯವರು. ಕೆಲಸ ಮಾಡಿದ್ದು ದಕ್ಷಿಣ ಕನ್ನಡದ ಪುತ್ತೂರಿನಲ್ಲಿ. ಅವರಿಗೂ ಗೋಕಾಕ ಸೀಮೆಗೂ ಏನು ಸಂಬಂಧ ಎಂದು ಯಾರಾದರೂ ಕೇಳಿಯಾರು. ಆ ಸಂಬಂಧದ ಎಳೆ ನಾಡಹಬ್ಬದಲ್ಲಿದೆ.

ಆಗ ಕನ್ನಡ ನಾಡು ಒಂದಾಗಿರಲಿಲ್ಲ. ಬೆಳಗಾವಿ, ಧಾರವಾಡ ಮುಂಬೈ ಪ್ರಾಂತಕ್ಕೆ ಸೇರಿದ್ದವು, ದಕ್ಷಿಣ ಕನ್ನಡ ಮದ್ರಾಸಿಗೆ. ಹೀಗೆ ಹರಿದು ಹಂಚಿದ ಮಂದಿಯನ್ನು ಒಂದು ಕಡೆ ಕೂಡಿಸಬೇಕು ಎಂದು 1920ರ ದಶಕದಲ್ಲಿ ಧಾರವಾಡದ ಗೆಳೆಯರ ಗುಂಪಿನವರು ದಸರಾದ ದಿನಗಳಲ್ಲಿ ನಾಡಹಬ್ಬ ಶುರು ಮಾಡಿದರು. ಗುಂಪಿನ ಮುಂದಾಳು ದ.ರಾ. ಬೇಂದ್ರೆ. ಅದೇ ಗುಂಪಿನಲ್ಲಿ ಇದೇ ಗೋಕಾಕ ತಾಲೂಕಿನ ಬೆಟಗೇರಿಯ ಕೃಷ್ಣಶರ್ಮರೂ ಇದ್ದರು. ಆನಂದಕಂದ ಎಂಬ ಹೆಸರಿನಲ್ಲಿ ಬರೆದು, ಹಳ್ಳಿಯ ಹಾಡು, ಹಬ್ಬ, ಮಾತುಗಳನ್ನೇ ಕಾವ್ಯ ಮಾಡಿದವರು ಅವರು.

ಧಾರವಾಡದ ಆ ಗಾಳಿ ಘಟ್ಟ ಇಳಿದು ಊರೂರಿಗೆ ಹಬ್ಬಿತು. ಪುತ್ತೂರಿನಲ್ಲೂ ದಸರಾಕ್ಕೆ ನಾಡಹಬ್ಬ ನಡೆಯತೊಡಗಿತು. ಅಲ್ಲಿ ಅದನ್ನು ಹೆಗಲ ಮೇಲೆ ಹೊತ್ತವರು ಇಬ್ಬರು. ಒಬ್ಬರು ಸಹಕಾರಿ ಧುರೀಣ ಮೊಳಹಳ್ಳಿ ಶಿವರಾಯರು, ಇನ್ನೊಬ್ಬರು ಇನ್ನೂ ಮೂವತ್ತರ ಆಸುಪಾಸಿನಲ್ಲಿದ್ದ ಶಿವರಾಮ ಕಾರಂತರು.

ಕೋಟದ ಹುಡುಗ, ಕಾಲೇಜು ಬಿಟ್ಟ ತರುಣ

ಕಾರಂತರು ಹುಟ್ಟಿದ್ದು 1902ರ ಅಕ್ಟೋಬರ್ 10ರಂದು, ಈಗಿನ ಉಡುಪಿ ಜಿಲ್ಲೆಯ ಕೋಟದಲ್ಲಿ. ತಂದೆ ಶೇಷ ಕಾರಂತರು, ತಾಯಿ ಲಕ್ಷ್ಮಮ್ಮ. ಊರಿನ ಒಂದು ಕಡೆ ಕಡಲು, ಇನ್ನೊಂದು ಕಡೆ ಗದ್ದೆ. ಕೊಯ್ಲು ಮುಗಿದ ಗದ್ದೆಯಲ್ಲಿ ರಾತ್ರಿ ಇಡೀ ಯಕ್ಷಗಾನ. ನಮ್ಮ ಕಡೆ ಪಾರಿಜಾತ, ಸಣ್ಣಾಟ ನೋಡಲು ಹುಡುಗರು ಚಾಪೆ ಸುತ್ತಿಕೊಂಡು ಹೋದಂಗೆ ಅಲ್ಲಿನ ಹುಡುಗರು ಯಕ್ಷಗಾನಕ್ಕೆ ಹೋಗುತ್ತಿದ್ದರು. ಚೆಂಡೆಯ ಸದ್ದು, ಬಣ್ಣದ ವೇಷ, ಭಾಗವತರ ಪದ ಕಾರಂತರ ತಲೆಯೊಳಗೆ ಆಗಲೇ ಕೂತವು. ಅವರ ಮೊದಲ ಪಾಠಶಾಲೆ ಅದೇ ಎಂದರೂ ತಪ್ಪಿಲ್ಲ.

ಸಾಲಿಯಲ್ಲಿ ಮಾತ್ರ ಆ ಕಾಲದ ಎಲ್ಲಾ ಕಡೆಯಂತೆ ಬಾಯಿಪಾಠ ಮತ್ತು ಬೆತ್ತ. ಮಗ್ಗಿ ಬಂದರೆ ಜಾಣ, ಬರದಿದ್ದರೆ ದಡ್ಡ. ಕುಂದಾಪುರದಲ್ಲಿ ಹೈಸ್ಕೂಲು ಮುಗಿಸಿ ಕಾರಂತರು ಮಂಗಳೂರಿನ ಸರ್ಕಾರಿ ಕಾಲೇಜು ಸೇರಿದರು. 1922ರ ಸುಮಾರಿಗೆ ಗಾಂಧೀಜಿಯ ಅಸಹಕಾರ ಚಳವಳಿಯ ಕರೆ ಕೇಳಿ ಓದು ಬಿಟ್ಟರು. ಮನೆಯವರಿಗೆ ಅದು ಸಣ್ಣ ಪೆಟ್ಟಲ್ಲ. ಓದಿ ನೌಕರಿ ಹಿಡಿಯಬೇಕಾದ ಮಗ ಖಾದಿ ಪ್ರಚಾರ ಎಂದು ಊರೂರು ತಿರುಗತೊಡಗಿದ. ಪತ್ರಿಕೆ ನಡೆಸಿದರು, ಕಾದಂಬರಿ ಬರೆದರು, ನಾಟಕ ಆಡಿಸಿದರು, ಮೂಕಿ ಚಿತ್ರವನ್ನೂ ತೆಗೆದರು. ಕೈಗೆ ದುಡ್ಡು ಹತ್ತಿದ್ದಕ್ಕಿಂತ ಕೈಬಿಟ್ಟದ್ದೇ ಹೆಚ್ಚು.

ಹೀಗೆ ಅಲೆಯುತ್ತ ಅಲೆಯುತ್ತ ಅವರು ನೆಲೆ ನಿಂತ ಊರು ಪುತ್ತೂರು. ಅಲ್ಲಿ ಸುಮಾರು ನಾಲ್ಕು ದಶಕ ಕಳೆದರು.

ದಸರಾ ಹಬ್ಬ, ಮಕ್ಕಳ ಗೆಜ್ಜೆ

ಹಬ್ಬ ಅಂದಮೇಲೆ ದುಡ್ಡು ಬೇಕು, ಮಂದಿ ಬೇಕು, ಲೆಕ್ಕ ಇಡುವವರು ಬೇಕು. ಆ ಕೆಲಸಕ್ಕೆ ಮೊಳಹಳ್ಳಿ ಶಿವರಾಯರಿಗಿಂತ ತಕ್ಕವರು ಸಿಗುತ್ತಿರಲಿಲ್ಲ. ವೃತ್ತಿಯಲ್ಲಿ ವಕೀಲರು. 1913ರಲ್ಲಿ ಪುತ್ತೂರಿನಲ್ಲಿ ಹುಟ್ಟಿದ ಜಿಲ್ಲಾ ಸಹಕಾರಿ ಬ್ಯಾಂಕನ್ನು ಕಟ್ಟಿ ಬೆಳೆಸಿದವರು. ರೈತನಿಗೂ ಅಂಗಡಿಕಾರನಿಗೂ ಅವರ ಮಾತಿನ ಮೇಲೆ ನಂಬಿಕೆ. ಅವರು ಬೆನ್ನಿಗೆ ನಿಂತರು, ಕಾರಂತರು ಮುಂದೆ ನಿಂತು ಆಡಿಸಿದರು.

ಕಾರಂತರಿಗೆ ಪೂಜೆ ಪುನಸ್ಕಾರದಲ್ಲಿ ನಂಬಿಕೆ ಇರಲಿಲ್ಲ ಎಂಬುದು ಎಲ್ಲರಿಗೂ ಗೊತ್ತಿದ್ದ ವಿಷಯ. ಆದರೆ ಹಬ್ಬ ಅವರಿಗೆ ಬೇಕಿತ್ತು. ಮಂದಿ ಕೆಲಸ ಬಿಟ್ಟು ಒಂದು ಕಡೆ ಸೇರುವ ದಿನ ಅದು. ಹಾಡು, ಕುಣಿತ, ನಾಟಕ, ಒಳ್ಳೆಯ ಮಾತು ಎಲ್ಲವೂ ಆ ದಿನ ಬಡವನಿಗೂ ಪುಕ್ಕಟೆ ಸಿಗುತ್ತದೆ. ಪುತ್ತೂರಿನ ದಸರಾದಲ್ಲಿ ಹೊರಗಿನ ಸಾಹಿತಿಗಳು ಬಂದು ಮಾತಾಡುತ್ತಿದ್ದರು, ಊರಿನವರು ಕೂತು ಕೇಳುತ್ತಿದ್ದರು.

ಆದರೆ ಕಾರಂತರ ಕಣ್ಣು ಇದ್ದದ್ದು ಮಕ್ಕಳ ಮೇಲೆ. ಅವರು ಪುತ್ತೂರಿನ ಸಾಲಿಗಳಿಗೆ ಹೋಗಿ ಮಕ್ಕಳಿಗೆ ನಾಟಕ, ಕುಣಿತ, ಹಾಡು ಕಲಿಸತೊಡಗಿದರು. ನೆಲ್ಲಿಕಟ್ಟೆಯ ಪ್ರಾಥಮಿಕ ಶಾಲೆ ಇಂದಿಗೂ ಅವರ ರಂಗಪ್ರಯೋಗದ ಜಾಗ ಎಂದೇ ಹೆಸರಾಗಿದೆ. ಮಕ್ಕಳ ಕೂಟ ಎಂದು ಒಂದು ಗುಂಪು ಕಟ್ಟಿಕೊಂಡರು.

ನಾಟಕ ಅಂದರೆ ಹುಡುಗ ಮಾತು ಓದಬೇಕು, ಅರ್ಥ ಮಾಡಿಕೊಳ್ಳಬೇಕು, ಮಂದಿಯ ಮುಂದೆ ಹೆದರದೆ ಹೇಳಬೇಕು. ಕುಣಿತಕ್ಕೆ ತಾಳದ ಲೆಕ್ಕ ಬೇಕು. ಪರದೆಗೆ ಬಣ್ಣ ಹಚ್ಚಲು ಅಳತೆ ಬೇಕು. ಪಕ್ಕದವನು ಮಾತು ಮರೆತರೆ ಎತ್ತಿಕೊಡುವ ಗುಣ ಬೇಕು. ವರ್ಷದ ಪಾಠ ಹಬ್ಬದ ಹದಿನೈದು ದಿನದಲ್ಲಿ ತಾನಾಗೇ ನಡೆದುಹೋಗುತ್ತಿತ್ತು. ಮಕ್ಕಳಿಗೆ ಅದು ಪಾಠ ಎಂದು ಗೊತ್ತೂ ಆಗುತ್ತಿರಲಿಲ್ಲ.

ಎಲ್ಲರೂ ಇದನ್ನು ಒಪ್ಪಲಿಲ್ಲ. ಒಳ್ಳೆ ಮನೆತನದ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ವೇದಿಕೆ ಹತ್ತಿ ಕುಣಿಯುವುದು ಆ ಕಾಲದಲ್ಲಿ ಮಾತಿಗೆ ಗುರಿಯಾಗುವ ಸಂಗತಿ. ಹೀಗೆ ಸಾಲಿಯಲ್ಲಿ ನಾಟಕ, ಕುಣಿತ ಕಲಿಸುವಾಗಲೇ ಕಾರಂತರಿಗೆ ಲೀಲಾ ಆಳ್ವರ ಪರಿಚಯವಾದದ್ದು. ಲೀಲಾ ಬಂಟರ ಮನೆಯ ಹುಡುಗಿ, ಕಾರಂತರು ಬ್ರಾಹ್ಮಣರು. 1936ರಲ್ಲಿ ಇಬ್ಬರೂ ಮದುವೆಯಾದರು. ಅಂತರ್ಜಾತಿ ಮದುವೆ ಎಂದರೆ ಇಂದೂ ಎಷ್ಟೋ ಊರಲ್ಲಿ ಪಂಚಾಯ್ತಿ ಸೇರುತ್ತದೆ, ಆಗಿನ ಮಾತು ಹೇಳಬೇಕಾಗಿಲ್ಲ. ಆದರೆ ಇಬ್ಬರೂ ಊರು ಬಿಟ್ಟು ಓಡಲಿಲ್ಲ. ಅದೇ ಪುತ್ತೂರಿನಲ್ಲಿ ಬದುಕಿ ತೋರಿಸಿದರು.

ಗುಡ್ಡದ ಮೇಲೆ ಬಾಲವನ

ಹಬ್ಬ ವರ್ಷಕ್ಕೊಮ್ಮೆ ಬರುತ್ತದೆ. ಹಬ್ಬದ ಹದಿನೈದು ದಿನ ನಗುನಗುತ್ತ ಕಲಿತ ಮಗು ಮರುದಿನ ಮತ್ತೆ ಬೆತ್ತದ ಮುಂದೆ ಕೂತು ಮಗ್ಗಿ ಒಪ್ಪಿಸಬೇಕು. ಈ ಸಂಕಟವೇ ಕಾರಂತರನ್ನು ಮುಂದಿನ ಹೆಜ್ಜೆಗೆ ದೂಡಿತು. ಹಬ್ಬದ ದಿನದಂತೆಯೇ ವರ್ಷವಿಡೀ ಸಾಲಿ ನಡೆಸಿದರೆ ಹೇಗೆ?

ಪುತ್ತೂರು ಪೇಟೆಯ ಹೊರಗೆ ಪರ್ಲಡ್ಕದ ಗುಡ್ಡದ ಮೇಲೆ ಜಾಗ ಹಿಡಿದರು. 1930ರ ದಶಕದ ನಡುವಿನ ಮಾತು ಇದು. ಅಲ್ಲಿ ಗಿಡ ಹಚ್ಚಿದರು, ಮನೆ ಕಟ್ಟಿದರು, ಆಟಕ್ಕೆ ಕುಣಿತಕ್ಕೆ ಜಾಗ ಮಾಡಿದರು, ಮುದ್ರಣಾಲಯ ಹಾಕಿದರು. ಅದಕ್ಕೆ ಇಟ್ಟ ಹೆಸರು ಬಾಲವನ. ಕೆಲವೇ ಮಕ್ಕಳನ್ನು ಇಟ್ಟುಕೊಂಡು ತಮಗೆ ಸರಿಕಂಡ ರೀತಿಯಲ್ಲಿ ಕಲಿಸಲು ಶುರು ಮಾಡಿದರು.

ಅವರ ಲೆಕ್ಕ ಸರಳ. ಮಗು ಹುಟ್ಟಿದಾಗಿನಿಂದ ಪ್ರಶ್ನೆ ಕೇಳುತ್ತದೆ. ಅದು ಯಾಕೆ, ಇದು ಹ್ಯಾಂಗ ಎಂದು ದೊಡ್ಡವರ ತಲೆ ತಿನ್ನುತ್ತದೆ. ಸಾಲಿಗೆ ಹಾಕಿದ ಎರಡು ವರ್ಷಕ್ಕೆ ಪ್ರಶ್ನೆ ಕೇಳುವುದು ನಿಲ್ಲುತ್ತದೆ, ಉತ್ತರ ಒಪ್ಪಿಸುವುದು ಶುರುವಾಗುತ್ತದೆ. ಹಂಗಾದರೆ ಕೆಟ್ಟದ್ದು ಮಗುವೋ, ಸಾಲಿಯೋ? ಕಾರಂತರು ಸಾಲಿಯನ್ನೇ ಬದಲಿಸಲು ಹೊರಟರು. ಮರ ತಿಳಿಯಬೇಕಾದರೆ ಮರದ ಹತ್ತಿರ ಹೋಗಬೇಕು. ಹಕ್ಕಿ ತಿಳಿಯಬೇಕಾದರೆ ಕತ್ತೆತ್ತಿ ನೋಡಬೇಕು. ಬಣ್ಣ ತಿಳಿಯಬೇಕಾದರೆ ಕೈ ಕೊಳೆಯಾಗಬೇಕು.

ದುಡ್ಡು ನುಂಗಿದ ಪುಸ್ತಕಗಳು

ಕಲಿಸಲು ಹೊರಟಾಗ ಇನ್ನೊಂದು ಕೊರತೆ ಕಣ್ಣಿಗೆ ಬಿತ್ತು. ಕನ್ನಡದ ಮಗು ತಾನಾಗಿ ಕೈಗೆತ್ತಿಕೊಂಡು ಓದುವಂಥ ಪುಸ್ತಕಗಳೇ ಕಡಿಮೆ. ನಕ್ಷತ್ರ ಎಷ್ಟು ದೂರ, ಭೂಮಿಯೊಳಗೆ ಏನಿದೆ, ಪ್ರಾಣಿಗಳು ಹೇಗೆ ಬದುಕುತ್ತವೆ ಎಂದು ಕನ್ನಡದಲ್ಲಿ ತಿಳಿಸುವ ಪುಸ್ತಕ ಬೇಕೆಂದರೆ ಸಿಗುತ್ತಿರಲಿಲ್ಲ. ಇಂಗ್ಲಿಷ್ ಬಂದವರ ಮಕ್ಕಳಿಗೆ ಅದು ಸಿಗುತ್ತಿತ್ತು. ಕನ್ನಡ ಸಾಲಿಯ ಮಗು ಮಾತ್ರ ಕತ್ತಲಲ್ಲಿ.

ಇಂಥ ಕೆಲಸಕ್ಕೆ ಬೇರೆ ಭಾಷೆಗಳಲ್ಲಿ ದೊಡ್ಡ ಮಂಡಳಿ, ಹತ್ತಾರು ಪಂಡಿತರು ಇರುತ್ತಾರೆ. ಕಾರಂತರು ಒಬ್ಬರೇ ಕೂತು ಬರೆದರು. 'ಬಾಲ ಪ್ರಪಂಚ' ಎಂಬ ಹೆಸರಿನಲ್ಲಿ ಮೂರು ಸಂಪುಟಗಳ ಮಕ್ಕಳ ವಿಶ್ವಕೋಶ 1936ರಲ್ಲಿ ಹೊರಬರತೊಡಗಿತು. ಚಿತ್ರ ಸಂಗ್ರಹ, ಬರಹ, ಅಚ್ಚಿನ ಓಡಾಟ ಎಲ್ಲಾ ಅವರದೇ. ಡಿಗ್ರಿ ಇಲ್ಲದ ಮನುಷ್ಯ ಖಗೋಳ, ಭೂಗೋಳ, ಪ್ರಾಣಿಶಾಸ್ತ್ರ ಎಲ್ಲವನ್ನೂ ಮೊದಲು ತಾನು ಓದಿ ತಿಳಿದು, ಆಮೇಲೆ ಮಕ್ಕಳ ಭಾಷೆಗೆ ಇಳಿಸಿದರು.

ಪುಸ್ತಕ ದೊಡ್ಡದು, ಖರ್ಚು ಇನ್ನೂ ದೊಡ್ಡದು. ಕೊಳ್ಳುವವರು ಕಡಿಮೆ. ವ್ಯಾಪಾರಸ್ಥರ ಭಾಷೆಯಲ್ಲಿ ಹೇಳುವುದಾದರೆ ಮಾಲು ಚಲೋ ಇತ್ತು, ಗಿರಾಕಿ ಇರಲಿಲ್ಲ. ಕಾರಂತರ ಬದುಕಿನಲ್ಲಿ ಸಾಲ ಎಂಬುದು ಮನೆಯ ಮಂದಿಯಂತೆ ಜೊತೆಗೇ ಇತ್ತು. ಆದರೂ ಕೈ ಬಿಡಲಿಲ್ಲ. ಅಕ್ಷರ ಕಲಿಯುವ ಮಕ್ಕಳಿಗೆ 'ಓದುವ ಆಟ' ಬರೆದರು. ಹೆಸರಲ್ಲೇ ಅವರ ತತ್ವ ಇದೆ. ಓದು ಒಂದು ಆಟ ಆಗಬೇಕು. 'ಢಂ ಢಂ ಢೋಲು', 'ಮಂಗನ ಮದುವೆ' ಮುಂತಾದ ಮಕ್ಕಳ ಪುಸ್ತಕ ತಂದರು. ಮುಂದೆ ದೊಡ್ಡ ಓದುಗರಿಗಾಗಿ 'ವಿಜ್ಞಾನ ಪ್ರಪಂಚ' ಎಂಬ ನಾಲ್ಕು ಸಂಪುಟಗಳನ್ನೂ ಬರೆದರು.

ಸಾಲಿ ನಿಂತಿತು, ಕೆಲಸ ನಿಲ್ಲಲಿಲ್ಲ

ಬಾಲವನದ ಸಾಲಿ ಬಹಳ ವರ್ಷ ನಡೆಯಲಿಲ್ಲ. ಇದನ್ನು ಮುಚ್ಚಿಟ್ಟು ಹೇಳಿದರೆ ಕಾರಂತರ ಕಥೆ ಪೂರ್ತಿಯಾಗುವುದಿಲ್ಲ. ಪರೀಕ್ಷೆ, ಸರ್ಟಿಫಿಕೇಟು, ನೌಕರಿ ಎಂಬ ಹಾದಿಯಲ್ಲಿ ಲೋಕವೆಲ್ಲ ನಡೆಯುವಾಗ ಗುಡ್ಡದ ಮೇಲೆ ಗಿಡ, ಹಾಡು, ಕುಣಿತ ಎಂದು ಕಲಿಯಲು ಮಕ್ಕಳನ್ನು ಕಳಿಸುವ ತಂದೆ-ತಾಯಿ ಎಷ್ಟು ಮಂದಿ ಇರಲು ಸಾಧ್ಯ? ಬಡವರಿಗಂತೂ ಮಗನ ಓದು ಅಂದರೆ ಮನೆಯ ಹೊಟ್ಟೆಯ ಪ್ರಶ್ನೆ. ಅವರನ್ನು ತಪ್ಪು ಅನ್ನಲಾಗದು. ಒಬ್ಬ ಮನುಷ್ಯನ ಜೇಬು, ಒಬ್ಬ ಮನುಷ್ಯನ ಹಟ, ಇವೆರಡರ ಮೇಲೆ ಸಾಲಿ ನಿಂತಿತ್ತು. ಜೇಬು ಮೊದಲೇ ಹರಿದಿತ್ತು.

ಸಾಲಿ ನಿಂತ ಮೇಲೂ ಬಾಲವನ ಬರಿದಾಗಲಿಲ್ಲ. ಅದು ಕಾರಂತರ ಮನೆ, ಬರೆಯುವ ಜಾಗ, ಅಚ್ಚಿನ ಮನೆ ಆಯಿತು. 1933ರ 'ಚೋಮನ ದುಡಿ'ಯಿಂದ ಶುರು ಮಾಡಿ 'ಮರಳಿ ಮಣ್ಣಿಗೆ', 'ಬೆಟ್ಟದ ಜೀವ', 'ಮೂಕಜ್ಜಿಯ ಕನಸುಗಳು' ಮುಂತಾದ ಹೆಸರಾದ ಕಾದಂಬರಿಗಳು ಅವರ ಪುತ್ತೂರಿನ ವರ್ಷಗಳಲ್ಲೇ ಬಂದವು. ಒಟ್ಟು 47 ಕಾದಂಬರಿ ಬರೆದರು. ಚಿಕ್ಕಂದಿನಲ್ಲಿ ಕೋಟದ ಗದ್ದೆಯಲ್ಲಿ ಕಂಡ ಯಕ್ಷಗಾನದ ಬಗ್ಗೆ ಸಂಶೋಧನೆ ಮಾಡಿ, ಅದನ್ನು ಹೊಸ ರೂಪದಲ್ಲಿ ದೇಶ ವಿದೇಶಕ್ಕೆ ತೋರಿಸಿದರು. ಬಾಲವನದಲ್ಲೇ ಬೆಳೆದ ಅವರ ಮಕ್ಕಳಲ್ಲಿ ಮಾಳವಿಕಾ ಮಕ್ಕಳ ಮನಶ್ಶಾಸ್ತ್ರಜ್ಞೆಯಾದರು, ಉಲ್ಲಾಸ ಕಾರಂತರು ಹುಲಿಗಳ ಅಧ್ಯಯನಕ್ಕೆ ಹೆಸರಾದರು. ನೋಡಿ ಕಲಿ, ಕೇಳಿ ಕಲಿ ಎಂಬ ಪಾಠ ಆ ಮನೆಯಲ್ಲಂತೂ ಸೋಲಲಿಲ್ಲ.

1955ರಲ್ಲಿ ಮೈಸೂರಿನ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಕಾರಂತರೇ ಅಧ್ಯಕ್ಷರು. ಕಾಲೇಜು ಮುಗಿಸದ ಅವರಿಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. 1977ರಲ್ಲಿ ಜ್ಞಾನಪೀಠ ಬಂತು. ತುರ್ತು ಪರಿಸ್ಥಿತಿ ಹೇರಿದಾಗ ಪದ್ಮಭೂಷಣವನ್ನು ಸರ್ಕಾರಕ್ಕೆ ತಿರುಗಿ ಕೊಟ್ಟರು. ಕೈಗಾ ಅಣುಸ್ಥಾವರದ ವಿರುದ್ಧ ಮುಪ್ಪಿನಲ್ಲಿ ಬೀದಿಗಿಳಿದರು. ಬಾಯಿಪಾಠ ಮಾಡಿದವರಿಗೆ ಬರುವ ಧೈರ್ಯ ಅಲ್ಲ ಅದು. ಪ್ರಶ್ನೆ ಕೇಳಿ ಬೆಳೆದವರಿಗೆ ಬರುವಂಥದ್ದು.

ಆದರೆ ರಾಜ್ಯದ ಮಕ್ಕಳಿಗೆ ಅವರು ಇವೆಲ್ಲ ಅಲ್ಲ, ಬರೀ ಕಾರಂತಜ್ಜ. ವಾರಪತ್ರಿಕೆಯಲ್ಲಿ ಮಕ್ಕಳ ಪ್ರಶ್ನೆಗಳಿಗೆ ಉತ್ತರ ಬರೆಯುತ್ತಿದ್ದರು. ಬಿಳಿ ಕೂದಲಿನ ಆ ಅಜ್ಜನಿಗೆ ಊರೂರಿನಿಂದ ಪ್ರಶ್ನೆ ಹೊತ್ತ ಪತ್ರಗಳು. ಬಾಲವನದ ಸಾಲಿಗೆ ಬಂದದ್ದು ಕೆಲವೇ ಮಕ್ಕಳು. ಅಂಚೆಯ ಸಾಲಿಗೆ ಮಾತ್ರ ಹಾಜರಿ ಪುಸ್ತಕ ಸಾಲಲಿಲ್ಲ.

ಕೊನೆಯ ವರ್ಷಗಳನ್ನು ಹುಟ್ಟೂರಿನ ಮಗ್ಗುಲಿನ ಸಾಲಿಗ್ರಾಮದಲ್ಲಿ ಕಳೆದರು. 95ರ ವಯಸ್ಸಿನಲ್ಲಿ ಕೂತು ಬರೆದದ್ದು ಹಕ್ಕಿಗಳ ಬಗ್ಗೆ ಪುಸ್ತಕ. 1997ರ ಡಿಸೆಂಬರ್ 9ರಂದು ತೀರಿಕೊಂಡರು. ಹಕ್ಕಿಗಳ ಪುಸ್ತಕವನ್ನು ಆಮೇಲೆ ಧಾರವಾಡದ ಮನೋಹರ ಗ್ರಂಥಮಾಲೆ ಹೊರತಂದಿತು. ಪುತ್ತೂರಿನ ಬಾಲವನ ಈಗ ಅವರ ನೆನಪಿನ ತಾಣ. ಗುಡ್ಡದ ಮೇಲೆ ಸಾಲಿ ಮಕ್ಕಳ ಕಾರ್ಯಕ್ರಮಗಳು ಈಗಲೂ ನಡೆಯುತ್ತವೆ.

ಮೇಲವಂಕಿಯ ಸಾಲಿಗೂ ಸಲ್ಲುವ ಮಾತು

ಕಾರಂತರ ಸಾಲಿಯನ್ನು ಇಲ್ಲಿ ಹಂಗೇ ತಂದಿಡಲು ಆಗುವುದಿಲ್ಲ. ಆದರೆ ಅವರ ಕೆಲಸದ ಒಂದು ತುಂಡು ಯಾವ ಊರಿನ ಸಾಲಿಗೂ ದುಬಾರಿ ಅಲ್ಲ. ಹಬ್ಬದ ದಿನ ಕೆಲಸ ಮಕ್ಕಳ ಕೈಯಲ್ಲಿರಲಿ. ಮಣ್ಣೆತ್ತನ್ನು ಮನೆಯ ಜಗಲಿಯ ಮೇಲೆ ಬಿಡುವ ಬದಲು ವರ್ಗದೊಳಗೆ ತರಿಸಿದರೆ ಕಾಲಿನ ಉದ್ದ ಅಳೆದು ಲೆಕ್ಕ ಹೇಳಬಹುದು, ಯಾವ ಮಣ್ಣು ಯಾಕೆ ಬಿರಿಯಿತು ಎಂದು ವಿಜ್ಞಾನ ಹೇಳಬಹುದು. ಗುಳ್ಳವ್ವನ ಹಾಡು, ಜೋಕುಮಾರನ ಹಾಡು ಮನೆಯ ಆಯಿಯಿಂದ ಬರೆದುಕೊಂಡು ಬಾ ಎಂದರೆ ಅದೇ ಕನ್ನಡ ಪಾಠ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಚರಗ ಚೆಲ್ಲಲು ಹೋದ ಮಗು ಅಲ್ಲಿ ನಿಂತ ಬೆಳೆಗಳ ಹೆಸರು ಬರೆದರೆ ಅದೇ ಪರಿಸರ ಅಧ್ಯಯನ.

ಸಾಲಿಯ ಕಾರ್ಯಕ್ರಮಕ್ಕೆ ಪಟ್ಟಿ ಕೇಳಲು ಬಂದಾಗ ಪೇಟೆಯ ಅಂಗಡಿಕಾರರು ಇಲ್ಲ ಅನ್ನುವುದಿಲ್ಲ. ಐದು ನೂರೋ ಸಾವಿರವೋ ಕೊಟ್ಟೇ ಕೊಡುತ್ತಾರೆ. ಆ ದುಡ್ಡು ಬ್ಯಾನರಿಗೆ, ಮಾಲೆಗೆ ಹೋಗುವ ಬದಲು ಬಣ್ಣಕ್ಕೆ, ಕಾಗದಕ್ಕೆ, ಕತ್ತರಿಗೆ, ನಾಲ್ಕು ಕಥೆ ಪುಸ್ತಕಕ್ಕೆ ಹೋಯಿತೇ ಎಂದು ಕೇಳುವ ಹಕ್ಕು ಕೊಟ್ಟವರಿಗೆ ಇದೆ. ಪುತ್ತೂರಿನಲ್ಲಿ ಮೊಳಹಳ್ಳಿಯವರಂಥವರು ಬೆನ್ನಿಗೆ ನಿಂತದ್ದರಿಂದಲೇ ಮಕ್ಕಳ ಕಾಲಿಗೆ ಗೆಜ್ಜೆ ಬಂತು.

ಅಕ್ಟೋಬರ್ 10 ಕಾರಂತರ ಹುಟ್ಟಿದ ದಿನ. ಹೆಚ್ಚಿನ ವರ್ಷ ಅದು ದಸರಾ ರಜೆಯ ನಡುವೆಯೇ ಬರುತ್ತದೆ, ಸಾಲಿಗೆ ಬೀಗ ಇರುತ್ತದೆ. ರಜೆ ಮುಗಿಸಿ ಬಂದ ಮಕ್ಕಳ ಕೈಯಲ್ಲಿ ಆಗ ಬನ್ನಿ ಎಲೆ ಇನ್ನೂ ಇರುತ್ತದೆ, ಬಾಯಲ್ಲಿ ಹಬ್ಬದ ಸುದ್ದಿ ಇರುತ್ತದೆ. ಆ ಮೊದಲ ದಿನ ಪುಸ್ತಕ ತೆಗೆಸುವ ಮುಂಚೆ ಒಂದು ತಾಸು ಮಕ್ಕಳ ಮಾತು ಕೇಳಿದರೆ ಸಾಕು. ಕಾರಂತಜ್ಜನ ಜಯಂತಿಗೆ ಬೇರೆ ಪೆಂಡಾಲು ಬೇಕಾಗಿಲ್ಲ.